ಒಂದೇ ಬೀದಿಯ ಎರಡು ತುದಿ: ಹೋರ್ನ್ ನಗರಕ್ಕೊಂದು ಬಹಿರಂಗ ಪತ್ರ

ಹಾಲೆಂಡಿನ ಹೋರ್ನ್ ನಗರದ ಮೇಯರ್ ಅವರಿಗೆ, ನಗರಸಭೆಯ ಸದಸ್ಯರಿಗೆ ಮತ್ತು ಸಮಸ್ತ ನಾಗರಿಕರಿಗೆ,



ನಿಮ್ಮ ರೋಡೆ ಸ್ಟೇನ್ ಚೌಕದ ನಡುವೆ ನಿಂತಿರುವ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್-ಜನರಲ್ ಆಗಿದ್ದ ಯಾನ್ ಪೀಟರ್ಸೋನ್ ಕೂನ್‌ನ ಪ್ರತಿಮೆಯ ವಿಷಯವಾಗಿ ಈ ಪತ್ರ. ಅದನ್ನು ಕೆಡವಿ ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿದವರು ನಿಮ್ಮ ಊರಿನಲ್ಲೇ ಇದ್ದಾರೆ, ಕೂಡದು ಎಂದವರೂ ಇದ್ದಾರೆ. ಆ ತೀರ್ಮಾನ ನಿಮಗೆ ಬಿಟ್ಟದ್ದು. ನಾನು ಕೇಳುವುದು ಆ ಪ್ರತಿಮೆಯ ಪಕ್ಕದಲ್ಲಿ, ನಿಂತು ಓದುವ ಎತ್ತರದಲ್ಲಿ, ಸ್ವಲ್ಪ ಜಾಗ. ಯಾರಿಗಾಗಿ, ಏಕೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿದೆ. ಪತ್ರ ಉದ್ದವಾದರೂ ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ಕರ್ನಾಟಕದವನಿಗೆ ಹೋರ್ನಿನ ಚೌಕದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಹಸುಗೂಸು ಬಂದರೆ ತೇಯುವ ಕಲ್ಲು ಅಟ್ಟದಿಂದ ಕೆಳಗಿಳಿಯುತ್ತದೆ. ಅಜ್ಜಿ ಅದರ ಮೇಲೆ ಎರಡು ಹನಿ ಎದೆಹಾಲು ಹಾಕಿ ಬಜೆಯನ್ನು ಎರಡು ಸುತ್ತು, ಜಾಯಿಕಾಯಿಯನ್ನು ಒಂದು ಸುತ್ತು ತೇಯುತ್ತಾಳೆ. ಬೆರಳ ತುದಿಯಲ್ಲಿ ಬಳಿದುಕೊಂಡು ಮಗುವಿಗೆ ನೆಕ್ಕಿಸುತ್ತಾಳೆ. ಇವತ್ತು ಆ ಜಾಯಿಕಾಯಿ ಶಿರಸಿಯ ಅಡಿಕೆ ತೋಟದಲ್ಲೂ ಬೆಳೆಯುತ್ತದೆ. ನಾನೂರು ವರ್ಷದ ಹಿಂದೆ ಅದು ಜಗತ್ತಿಗೆಲ್ಲ ಒಂದೇ ಕಡೆಯಿಂದ ಬರುತ್ತಿತ್ತು. ಈಗಿನ ಇಂಡೊನೇಷ್ಯಾದ ಪೂರ್ವಕ್ಕಿರುವ ಬಂಡಾ ಎಂಬ ಪುಟ್ಟ ದ್ವೀಪಗಳ ಗುಂಪು ಅದು. ಅಲ್ಲಿಯ ಜನ ಜಾಯಿಕಾಯಿ, ಜಾಪತ್ರೆ ಕೊಟ್ಟು ಅಕ್ಕಿ, ಸಾಗು ಮತ್ತು ಬಟ್ಟೆ ಕೊಳ್ಳುತ್ತಿದ್ದರು. ಆ ಬಟ್ಟೆಯಲ್ಲಿ ದೊಡ್ಡ ಪಾಲು ಭಾರತದ್ದು, ಗುಜರಾತಿನದು, ಕೋರಮಂಡಲ ತೀರದ್ದು. ಮುಂದೆ ಆ ದ್ವೀಪಗಳು ಬರಿದಾದಾಗ ದುಡಿಯಲು ತಂದ ಗುಲಾಮರಲ್ಲಿ ಭಾರತದ ಜನರೂ ಇದ್ದರು. ಹೀಗಾಗಿ ನಿಮ್ಮ ಚೌಕದ ಲೆಕ್ಕದಲ್ಲಿ ನಮ್ಮ ಕಡೆಯದೂ ಒಂದು ಸಾಲು ಇದೆ ಎಂಬುದು ನನ್ನ ನಂಬಿಕೆ.

ನಿಮ್ಮ ಊರಿನ ಬಗ್ಗೆ ನನಗೆ ದ್ವೇಷವಿಲ್ಲ, ಮೆಚ್ಚುಗೆಯಿದೆ. 1357ರಲ್ಲಿ ನಗರದ ಹಕ್ಕು ಪಡೆದ ಊರು ತನ್ನ ಹಳೆಯ ಮೈಯನ್ನು ಇಷ್ಟು ಜತನದಿಂದ ಉಳಿಸಿಕೊಂಡದ್ದು ದೊಡ್ಡ ಮಾತು. ಬಂದರಿನ ಬಾಯಲ್ಲಿ 1532ರ ಹೋಫ್ಡ್‌ಟೋರೆನ್ ಗೋಪುರ, ಪೂರ್ವಕ್ಕೆ 1578ರ ಓಸ್ಟರ್‌ಪೋರ್ಟ್ ಹೆಬ್ಬಾಗಿಲು, ಚೌಕದಲ್ಲಿ ಹೆಂಡ್ರಿಕ್ ಡೆ ಕೈಸರ್ 1609ರಲ್ಲಿ ರೂಪಿಸಿದ ತೂಕದ ಕಟ್ಟೆ, ಅದರ ಎದುರಿಗೆ ವೆಸ್ಟ್‌ಫ್ರಿಸ್ ಮ್ಯೂಸಿಯಂ ಇರುವ 1632ರ ಕಟ್ಟಡ. ಅದರ ಮುಂಗೋಡೆಯ ಮೇಲಿನ ಸಿಂಹಗಳನ್ನೂ ಲಾಂಛನಗಳನ್ನೂ ತಲೆಯೆತ್ತಿ ನೋಡುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದಾಗ ಅದರ ಆರು ಶಾಖೆಗಳಲ್ಲಿ ಒಂದು ನಿಮ್ಮ ಊರಿನದು. ಒಟ್ಟು ಬಂಡವಾಳ 64 ಲಕ್ಷ ಗಿಲ್ಡರ್. ಅದರಲ್ಲಿ ಹೋರ್ನಿನವರು ಹಾಕಿದ್ದು 2,66,868. ಅರ್ಧಕ್ಕಿಂತ ಹೆಚ್ಚು ಹಾಕಿದ ಆಮ್‌ಸ್ಟರ್‌ಡ್ಯಾಮಿನ ಮುಂದೆ ಇದು ಸಣ್ಣ ಮೊತ್ತ. ಆದರೆ ಭೂಪಟದಲ್ಲಿ ನಿಮ್ಮ ಊರಿನ ಹೆಸರು ಭೂಮಿಯ ಇನ್ನೊಂದು ತುದಿಯಲ್ಲಿದೆ. ದಕ್ಷಿಣ ಅಮೆರಿಕದ ಕೊನೆಯ ಕಲ್ಲುಬಂಡೆಗೆ ಕೇಪ್ ಹಾರ್ನ್ ಎಂದು ಹೆಸರಿಟ್ಟವರು ನಿಮ್ಮವರೇ.

ಗ್ರೋಟೆ ಓಸ್ಟ್ ಬೀದಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಮಾತೆಲ್ಲ ಅಲ್ಲೇ ಇದೆ.

ಕೂನ್‌ನ ಪ್ರತಿಮೆಗೆ ಬೆನ್ನು ಮಾಡಿ ಆ ಬೀದಿಯಲ್ಲಿ ಪೂರ್ವಕ್ಕೆ ನಡೆದರೆ, ಬೀದಿ ನೀರಿಗಿಳಿಯುವ ಮೂಲೆಯಲ್ಲಿ ಬೊಸ್ಸು ಮನೆಗಳು ಸಿಗುತ್ತವೆ. ಮುಂಗೋಡೆಗೆ ಅಡ್ಡಲಾಗಿ ಕಲ್ಲಿನಲ್ಲಿ ಕೆತ್ತಿದ ನೌಕಾಯುದ್ಧ. ಹಡಗಿಗೆ ಹಡಗು ತಾಗಿಕೊಂಡಿದೆ, ಹಾಯಿಗಳು ಉಬ್ಬಿವೆ. ಅದು 1573ರ ಅಕ್ಟೋಬರ್ ಯುದ್ಧ. ಸ್ಪೇನಿನ ದೊರೆಯ ಪರವಾಗಿ ಕೌಂಟ್ ಬೊಸ್ಸು ನೌಕಾಪಡೆ ತಂದಿದ್ದ. ಅವನ ಮುಖ್ಯ ಹಡಗಿನ ಹೆಸರೇ ಇನ್‌ಕ್ವಿಸಿಷನ್, ಧರ್ಮದ ಹೆಸರಿನಲ್ಲಿ ಜನರನ್ನು ಸುಟ್ಟ ನ್ಯಾಯಮಂಡಳಿಯ ಹೆಸರು. ನಿಮ್ಮ ಊರಿನ ಯಾನ್ ಹಾರಿಂಗ್ ಎಂಬ ನಾವಿಕ ಆ ಹಡಗಿಗೆ ಹಾರಿ, ಪಟಸ್ತಂಭ ಹತ್ತಿ, ವೈರಿಯ ಬಾವುಟ ಕಿತ್ತು, ಇಳಿಯುವಾಗ ಗುಂಡು ತಗುಲಿ ಸತ್ತ. ಹಡಗು ಸೋತಿತು, ಬೊಸ್ಸು ಸೆರೆಸಿಕ್ಕ. ಗೆದ್ದ ಊರುಗಳು ಅವನ ವಸ್ತುಗಳನ್ನು ಹಂಚಿಕೊಂಡವು. ಎಂಕ್‌ಹೌಸನ್‌ಗೆ ಖಡ್ಗ ಹೋಯಿತು, ಮೊನ್ನಿಕೆಂಡಾಮ್‌ಗೆ ಕೊರಳ ಪಟ್ಟಿ, ನಿಮಗೆ ಬಂದದ್ದು ಅವನು ಕುಡಿಯುತ್ತಿದ್ದ ಬಟ್ಟಲು.

ಸೆರೆಸಿಕ್ಕವನನ್ನು ನಿಮ್ಮ ಹಿರಿಯರು ಏನು ಮಾಡಿದರು ಎನ್ನುವುದು ನನ್ನನ್ನು ತುಂಬ ಕಾಡಿದ ಭಾಗ. ಹಿಂದಿನ ವರ್ಷವಷ್ಟೇ ರೋಟರ್‌ಡ್ಯಾಮಿನಲ್ಲಿ ಅವನ ಸೈನಿಕರು ನಾಗರಿಕರನ್ನು ಕೊಂದಿದ್ದರು. ಸೇಡಿಗೆ ಕಾರಣ ಸಾಕಷ್ಟಿತ್ತು. ಆದರೂ ಹೋರ್ನ್ ಅವನನ್ನು ಮೂರು ವರ್ಷ ಸೆರೆಯಲ್ಲಿಟ್ಟು, 1576ರ ಗೆಂಟ್ ಒಪ್ಪಂದದ ನಂತರ ಜೀವಂತವಾಗಿ ಬಿಟ್ಟಿತು. ಅವನು ಮುಂದೆ ನಿಮ್ಮ ಪಕ್ಷ ಸೇರಿ ನಿಮ್ಮದೇ ಸೈನ್ಯವನ್ನು ನಡೆಸಿದ. ಆ ಬೀದಿಯ ಎಲ್ಲ ಕಟ್ಟಡಗಳಿಗಿಂತ ನಿಮ್ಮ ಊರಿನ ದೊಡ್ಡ ಆಸ್ತಿ ಈ ನಡತೆ ಎಂದು ನಾನು ಎಣಿಸುತ್ತೇನೆ.

ಯಾನ್ ಪೀಟರ್ಸೋನ್ ಕೂನ್ ಹುಟ್ಟಿದ್ದು ಇದಾದ ಹತ್ತೇ ವರ್ಷಕ್ಕೆ, 1587ರ ಜನವರಿಯಲ್ಲಿ, ಇದೇ ಹೋರ್ನಿನಲ್ಲಿ. ಯಾನ್ ಹಾರಿಂಗ್‌ನನ್ನು ಕಣ್ಣಾರೆ ಕಂಡವರು ಅವನ ಬಾಲ್ಯದಲ್ಲಿ ಊರ ತುಂಬ ಇದ್ದಿರಬೇಕು. ಹುಡುಗನನ್ನು ರೋಮಿಗೆ ಕಳಿಸಿದರು. ಅಲ್ಲಿ ವ್ಯಾಪಾರಿಯೊಬ್ಬನ ಬಳಿ ಜಮಾಖರ್ಚು ಬರೆಯುವುದನ್ನು ಕಲಿತ. 1607ರಲ್ಲಿ ವೆರ್‌ಹೂಫ್‌ನ ನೌಕಾಪಡೆಯೊಂದಿಗೆ ಕಿರಿಯ ವ್ಯಾಪಾರಿಯಾಗಿ ಪೂರ್ವಕ್ಕೆ ಹೊರಟ. 1609ರಲ್ಲಿ ಬಂಡಾದ ಜನ ಮಾತುಕತೆಗೆ ಬಂದ ವೆರ್‌ಹೂಫ್‌ನನ್ನೂ ಅವನ ಸಂಗಡಿಗರನ್ನೂ ಕೊಂದರು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಅದು ಕೊಲೆಯೇ. ಆದರೆ ಅದು ಆದದ್ದು ಅವರ ನೆಲದ ಮೇಲೆ, ಅವರ ಇಷ್ಟಕ್ಕೆ ವಿರುದ್ಧವಾಗಿ ಕಂಪನಿ ಕೋಟೆ ಕಟ್ಟುತ್ತಿದ್ದಾಗ.

ಕೂನ್ ಎಂಥ ಮನುಷ್ಯ ಎನ್ನುವುದಕ್ಕೆ ಬಂಡಾವರೆಗೂ ಹೋಗಬೇಕಿಲ್ಲ. ಕೇಪ್ ಹಾರ್ನಿನ ಕಥೆಯೇ ಸಾಕು. ಮೆಜೆಲನ್ ಜಲಸಂಧಿಯ ಮೂಲಕ ಹೋಗುವ ಹಕ್ಕು ಕಂಪನಿಗೆ ಮಾತ್ರ ಇದ್ದುದರಿಂದ, ಐಸಾಕ್ ಲ ಮೇರ್ ಎಂಬ ವ್ಯಾಪಾರಿ ಬೇರೆ ದಾರಿ ಹುಡುಕಲು ಎರಡು ಹಡಗು ಕಳಿಸಿದ. ಅವನ್ನು ನಡೆಸಿದವರು ಹೋರ್ನಿನ ವಿಲೆಂ ಸ್ಕೌಟನ್ ಮತ್ತು ಐಸಾಕನ ಮಗ ಯಾಕೋಬ್. ಹೋರ್ನ್ ಎಂಬ ಹೆಸರಿನ ಹಡಗು ಪ್ಯಾಟಗೋನಿಯದ ದಡದಲ್ಲಿ ಬೆಂಕಿ ಬಿದ್ದು ಹೋಯಿತು. ಉಳಿದ ಏನ್‌ಡ್ರಾಖ್ಟ್ ಹಡಗು 1616ರ ಜನವರಿ 29ರಂದು ಆ ಭೂಶಿರ ಸುತ್ತಿತು. ಶಾಂತ ಸಾಗರವನ್ನೆಲ್ಲ ದಾಟಿ ಜಾವಾ ತಲುಪಿದಾಗ ಅವರನ್ನು ಎದುರುಗೊಂಡವನು ಕೂನ್. ಹೊಸ ದಾರಿ ಸಿಕ್ಕಿದೆ ಎಂಬುದನ್ನು ನಂಬದೆ, ಕಂಪನಿಯ ಹಕ್ಕು ಮುರಿದಿರಿ ಎಂದು ತನ್ನದೇ ಊರಿನವನ ಹಡಗನ್ನೂ ಸರಕನ್ನೂ ಜಪ್ತಿ ಮಾಡಿದ. ಯಾಕೋಬ್ ಲ ಮೇರ್ ಮನೆಗೆ ಮರಳುವ ದಾರಿಯಲ್ಲಿ ಹಡಗಿನಲ್ಲೇ ತೀರಿಕೊಂಡ. ಅಪ್ಪ ಕೋರ್ಟಿಗೆ ಹೋದ. ಕೊನೆಗೆ ತೀರ್ಪು ಅಪ್ಪನ ಪರವಾಗಿ ಬಂತು. ಕೂನ್ ಮಾಡಿದ್ದು ತಪ್ಪು ಎಂದು ಅವನ ಕಾಲದಲ್ಲೇ, ಅವನ ದೇಶದ ನ್ಯಾಯಾಲಯವೇ ಹೇಳಿತು.

ಈಗ ಬಂಡಾ. ನಿಮ್ಮ ಪ್ರತಿಮೆಯ ಪೀಠಕ್ಕೆ 2012ರಲ್ಲಿ ಹೊಸ ಫಲಕ ಹಾಕಿದ್ದೀರಿ. ಕ್ರೇನ್ ತಾಗಿ ಪ್ರತಿಮೆ ಕೆಳಗೆ ಬಿದ್ದ ಮರುವರ್ಷ, ಊರಿನಲ್ಲಿ ಸಾಕಷ್ಟು ಚರ್ಚೆಯಾದ ಮೇಲೆ ಹಾಕಿದ್ದು. ಅದರಲ್ಲಿ ಹೊಗಳಿಕೆ ಇದೆ, ಟೀಕೆ ಇದೆ, ಸಾವಿರಾರು ಜನ ಸತ್ತರು ಎಂಬ ಮಾತೂ ಇದೆ. ಅಷ್ಟನ್ನು ಬರೆದದ್ದಕ್ಕೆ ನಾನು ಕೃತಜ್ಞ. ಆದರೆ ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವ ಕಥೆ ಹೀಗಿರುತ್ತದೆ: ದ್ವೀಪದವರು ಕರಾರು ಮುರಿದು ಇಂಗ್ಲಿಷರಿಗೆ ಜಾಯಿಕಾಯಿ ಮಾರಿದರು, ಕಂಪನಿ ದಂಡಿಸಿತು, ದಂಡನೆ ಅತಿಯಾಯಿತು. ಕರಾರು ಎಂಥದ್ದೆಂದು ಫಲಕ ಹೇಳುವುದಿಲ್ಲ. ಇಡೀ ಬೆಳೆ ಕಂಪನಿಗೇ ಕೊಡಬೇಕು, ಕಂಪನಿ ಹೇಳಿದ ಬೆಲೆಗೆ ಕೊಡಬೇಕು. ದ್ವೀಪಗಳಲ್ಲಿ ಊಟಕ್ಕೆ ಸಾಲುವಷ್ಟು ಧಾನ್ಯ ಬೆಳೆಯುವುದಿಲ್ಲ. ಜಾವಾ, ಮಕಸ್ಸಾರಿನ ದೋಣಿಗಳು ಅಕ್ಕಿ, ಸಾಗು ತಂದರೆ ಮಾತ್ರ ಒಲೆ ಉರಿಯುತ್ತಿತ್ತು. ಡಚ್ಚರು ತಂದದ್ದು ಆ ಸೆಕೆನಾಡಿಗೆ ಉಣ್ಣೆ ಬಟ್ಟೆ. ಕರಾರಿನಂತೆ ನಡೆದರೆ ಮಕ್ಕಳು ಹಸಿದಿರಬೇಕು. ಇಂಥ ಕರಾರನ್ನು ಮುರಿಯದೆ ಯಾವ ಊರು ಬದುಕೀತು?

1621ರಲ್ಲಿ ಕೂನ್ ಗವರ್ನರ್-ಜನರಲ್ ಆಗಿ ದೊಡ್ಡ ನೌಕಾಪಡೆ, ಸಾವಿರದ ಆರುನೂರಕ್ಕೂ ಹೆಚ್ಚು ಡಚ್ಚರು ಮತ್ತು ಜಪಾನಿನ ಕೂಲಿ ಸೈನಿಕರೊಂದಿಗೆ ಬಂದಿಳಿದ. ದೊಡ್ಡ ದ್ವೀಪ ಲೊಂತೊರ್ ಬಿತ್ತು. ಊರಿನ ಮುಖಂಡರನ್ನು, ಅಲ್ಲಿ ಅವರನ್ನು ಒರಾಂಗ್ ಕಾಯಾ ಎನ್ನುತ್ತಾರೆ, ಒತ್ತೆಯಾಳುಗಳಾಗಿ ಹಿಡಿದು, ಹಿಂಸೆ ಕೊಟ್ಟು ಸಂಚು ಮಾಡಿದ್ದಾಗಿ ಒಪ್ಪಿಸಿದರು. ಮೇ 8ರಂದು ನೈರಾ ದ್ವೀಪದ ನಸ್ಸಾವ್ ಕೋಟೆಯ ಹೊರಗೆ ಬಿದಿರಿನ ಆವರಣವೊಂದನ್ನು ಕಟ್ಟಿ, ನಲವತ್ತನಾಲ್ಕು ಜನರನ್ನು ಹಗ್ಗ ಬಿಗಿದು ಒಳಗೆ ತಂದರು. ಆರು ಜನ ಜಪಾನಿ ಸೈನಿಕರು ಕತ್ತಿಯಿಂದ ಅವರ ತಲೆ ಕಡಿದು, ದೇಹಗಳನ್ನು ತುಂಡರಿಸಿದರು. ಅದನ್ನು ನೋಡಿದ ಡಚ್ ನೌಕಾಧಿಕಾರಿಯೊಬ್ಬ ಬರೆದಿಟ್ಟ ವರದಿ ಉಳಿದಿದೆ. ಬರೆದವನು ಕಂಪನಿಯ ಮನುಷ್ಯನೇ, ಆದರೂ ಅಲ್ಲಿ ನಿಂತವರಿಗೆ ಇದು ಹಿತವಾಗಲಿಲ್ಲ ಎನ್ನುವುದನ್ನು ಅವನು ಮರೆಮಾಡಿಲ್ಲ.

ಆಮೇಲೆ ಉಳಿದ ಹಳ್ಳಿಗಳು. ಬೆಟ್ಟಕ್ಕೆ ಓಡಿದವರು ಹಸಿವಿನಿಂದ ಸತ್ತರು, ಎಷ್ಟೋ ಜನ ಶರಣಾಗುವ ಬದಲು ಕಡಿದಾದ ಬಂಡೆಯಿಂದ ಸಮುದ್ರಕ್ಕೆ ಹಾರಿದರು, ಸುಮಾರು ಎಂಟುನೂರು ಜನರನ್ನು ಜಾವಾದ ಬಟಾವಿಯಾಕ್ಕೆ ಗುಲಾಮರಾಗಿ ಸಾಗಿಸಲಾಯಿತು. ಮೊದಲು ಹದಿನೈದು ಸಾವಿರದಷ್ಟು ಜನ ಇದ್ದರೆಂದು ಇತಿಹಾಸಕಾರರ ಅಂದಾಜು, ಕೊನೆಗೆ ಆ ದ್ವೀಪಗಳಲ್ಲಿ ಉಳಿದವರು ಸಾವಿರದಷ್ಟು. ನೆಲವನ್ನು 68 ತೋಟಗಳಾಗಿ ಹೋಳು ಮಾಡಿ ಕಂಪನಿ ತನ್ನವರಿಗೆ ಹಂಚಿತು, ದುಡಿಯಲು ಗುಲಾಮರನ್ನು ತಂದಿತು. ಹೊಸ ಮಾಲೀಕರಿಗೆ ಜಾಯಿಕಾಯಿ ಮರವನ್ನು ಸಾಕುವುದು ಬಾರದು. ಎಷ್ಟು ನೆರಳು ಬೇಕು, ಕಾಯಿ ಯಾವಾಗ ಬಿಡಿಸಬೇಕು, ಜಾಪತ್ರೆಯನ್ನು ಹೇಗೆ ಒಣಗಿಸಬೇಕು ಎಂಬುದನ್ನು ಬಲ್ಲವರನ್ನು ಕೊಂದಾಗಿತ್ತು. ಅದಕ್ಕಾಗಿ ಸಾಗಿಸಿದ್ದ ಗುಲಾಮರಲ್ಲೇ ಕೆಲವರನ್ನು ಮರಳಿ ತಂದು, ಅವರದೇ ತೋಟದಲ್ಲಿ ಅನ್ಯರಿಗೆ ಕೆಲಸ ಕಲಿಸಲು ನಿಲ್ಲಿಸಿದರು. ಈ ಒಂದು ಸಂಗತಿಯನ್ನು ನನಗೆ ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ.

ಆ ವರ್ಷವನ್ನೇ ಇನ್ನೊಂದು ಕಡೆಯಿಂದ ನೋಡಿ. ಸ್ಪೇನಿನೊಂದಿಗೆ ನೀವು ಮಾಡಿಕೊಂಡಿದ್ದ ಹನ್ನೆರಡು ವರ್ಷಗಳ ಕದನವಿರಾಮ ಮುಗಿದದ್ದು 1621ರ ಏಪ್ರಿಲಿನಲ್ಲಿ. ಇಡೀ ಹಾಲೆಂಡ್ ಸ್ವಾತಂತ್ರ್ಯಕ್ಕಾಗಿ ಮತ್ತೆ ಆಯುಧ ಹಿಡಿಯುತ್ತಿದ್ದ ಹೊತ್ತಿನಲ್ಲೇ ಬಂಡಾದಲ್ಲಿ ಆ ಆವರಣ ಕಟ್ಟುತ್ತಿದ್ದರು. ಈ ಹೋಲಿಕೆ ನನ್ನದಲ್ಲ. ಅದನ್ನು ಮೊದಲು ಹೇಳಿದವನು ಕಂಪನಿಯ ಸಂಬಳ ತಿನ್ನುತ್ತಿದ್ದ ಡಚ್ ಅಧಿಕಾರಿ ಆರ್ಟ್ ಗೈಸೆಲ್ಸ್. ಅವನು ಮುಂದೆ ಅಂಬೊನಿನ ಗವರ್ನರ್ ಆದ. ನಾವು ನಮ್ಮ ನೆಲಕ್ಕಾಗಿ ಎಷ್ಟೋ ವರ್ಷ ಜೀವವನ್ನೂ ಆಸ್ತಿಯನ್ನೂ ಪಣಕ್ಕಿಟ್ಟ ಹಾಗೆಯೇ ಬಂಡಾದವರೂ ತಮ್ಮ ನೆಲದ ಸ್ವಾತಂತ್ರ್ಯಕ್ಕೆ ಹೋರಾಡಿದರು, ಇದನ್ನು ನಾವು ತಿಳಿಯಬೇಕು ಎಂಬುದು ಅವನು ಬರೆದಿದ್ದರ ಸಾರ. ಯಾನ್ ಹಾರಿಂಗ್ ಹಡಗಿನ ಪಟಸ್ತಂಭ ಹತ್ತಿದ್ದು ಯಾವುದಕ್ಕಾಗಿಯೋ ಲೊಂತೊರಿನ ಜನ ಬೆಟ್ಟ ಹತ್ತಿದ್ದೂ ಅದಕ್ಕಾಗಿಯೇ ಎಂದು ಗೈಸೆಲ್ಸ್‌ಗೆ ಅರ್ಥವಾಗಿತ್ತು.

ನನ್ನ ಇಡೀ ಕೋರಿಕೆ ಈ ಮನುಷ್ಯನ ಮೇಲೆ ನಿಂತಿದೆ. ಕೂನ್‌ನ ಬಗ್ಗೆ ಚರ್ಚೆಯಾದಾಗಲೆಲ್ಲ ಕೇಳಿಬರುವ ಉತ್ತರ, ಅವನು ತನ್ನ ಕಾಲದ ಮನುಷ್ಯ, ಇಂದಿನ ಅಳತೆಯಲ್ಲಿ ಅಳೆಯಬಾರದು ಎಂಬುದು. ಗೈಸೆಲ್ಸ್ ಯಾವ ಕಾಲದವನು? ಆ ವರದಿ ಬರೆದ ನೌಕಾಧಿಕಾರಿ ಯಾವ ಕಾಲದವನು? ಕೂನ್‌ಗಿಂತ ಮೊದಲು ಗವರ್ನರ್-ಜನರಲ್ ಆಗಿದ್ದ, ಅವನ ಕಠೋರ ನೀತಿಯನ್ನು ಒಪ್ಪದ ಲಾರೆನ್ಸ್ ರೇಯಾಲ್ ಯಾವ ಕಾಲದವನು? ಸೆರೆಸಿಕ್ಕ ಬೊಸ್ಸುವನ್ನು ಕೊಲ್ಲದೆ ಉಳಿಸಿದ ಹೋರ್ನಿನ ಹಿರಿಯರಂತೂ ಕೂನ್‌ಗಿಂತ ಒಂದು ತಲೆಮಾರು ಹಿಂದಿನವರು. ಅಳತೆಗೋಲು ಆಗಲೂ ಇತ್ತು, ಅದನ್ನು ಹಿಡಿದು ನಿಂತವರು ಡಚ್ಚರೇ. ಕೂನ್‌ನನ್ನು ಕಾಲದ ಹೆಸರಿನಲ್ಲಿ ಸಮರ್ಥಿಸುವಾಗ ನೀವು ಅವಮಾನಿಸುವುದು ಆ ಕಾಲದ ಒಳ್ಳೆಯವರನ್ನು.

ಪ್ರತಿಮೆಯೇನೂ ಕೂನ್‌ನ ಕಾಲದ್ದಲ್ಲ. ಅದು ನಿಂತದ್ದು 1893ರಲ್ಲಿ, ರೂಪಿಸಿದವನು ಫರ್ಡಿನಂಡ್ ಲೇನ್‌ಹೋಫ್. ಡಚ್ ಸಾಮ್ರಾಜ್ಯಕ್ಕೆ ವೀರಪುರುಷರು ಬೇಕಾಗಿದ್ದ ಕಾಲ ಅದು. ಆಗಲೂ ಎಲ್ಲರೂ ತಲೆದೂಗಲಿಲ್ಲ. ಬಟಾವಿಯಾದ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಇತಿಹಾಸಕಾರ ವಾನ್ ಡರ್ ಖೈಸ್, ಬಂಡಾದ ಮೇಲೆ 1886ರಲ್ಲಿ ಪುಸ್ತಕ ಬರೆದು, ಕೂನ್‌ನ ಹೆಸರಿಗೆ ರಕ್ತ ಅಂಟಿದೆ ಎಂದು ಎಚ್ಚರಿಸಿದ್ದ. ಪುಸ್ತಕ ಬಂದು ಏಳು ವರ್ಷಕ್ಕೆ ಪ್ರತಿಮೆ ನಿಂತಿತು. ಹೀಗಾಗಿ 2011ರಲ್ಲಿ ಅರ್ಜಿ ಕೊಟ್ಟವರು, 2020ರ ಜೂನ್‌ನಲ್ಲಿ ಚೌಕದಲ್ಲಿ ಸೇರಿ ಪ್ರತಿಭಟಿಸಿದವರು ಹೊಸದೇನನ್ನೂ ಹೇಳಲಿಲ್ಲ. ನಿಮ್ಮದೇ ದೇಶದ ಹಳೆಯ ಮಾತನ್ನು ಮತ್ತೆ ನೆನಪಿಸಿದರು.

ಇದು ದೂರದ ದ್ವೀಪದವರ ನೋವು, ನಮಗೆ ಹೇಗೆ ತಿಳಿಯಬೇಕು ಎನ್ನುವವರಿಗೆ ಒಂದು ಮಾತು. 2005ರಲ್ಲಿ ನಿಮ್ಮ ಮ್ಯೂಸಿಯಂನಿಂದ 24 ಚಿತ್ರಗಳು ಕಳವಾದವು. ಹನ್ನೊಂದು ವರ್ಷ ನೀವು ಅವುಗಳ ಬೆನ್ನು ಬಿಡಲಿಲ್ಲ. ಕೆಲವು ಉಕ್ರೇನಿನಿಂದ ಮರಳಿ ಬಂದಾಗ ಊರಿಗೆ ಊರೇ ಹಿಗ್ಗಿತು. ತಮ್ಮದನ್ನು ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ಬಲ್ಲ ಊರು ನಿಮ್ಮದು.

ನಮ್ಮ ಕರಾವಳಿಯ ಅನುಭವವನ್ನೂ ಹೇಳಿಬಿಡುತ್ತೇನೆ. 17ನೇ ಶತಮಾನದಲ್ಲಿ ಇದೇ ಕಂಪನಿ ಕುಂದಾಪುರದ ಹತ್ತಿರದ ಬಸರೂರಿನಲ್ಲಿ ಕೋಠಿ ಇಟ್ಟು ಅಕ್ಕಿ, ಮೆಣಸಿನ ವ್ಯಾಪಾರ ಮಾಡಿತು. ಅಲ್ಲಿ ಅದು ಕೆಳದಿಯ ನಾಯಕರೊಂದಿಗೆ ಕೂತು ಒಪ್ಪಂದ ಮಾಡಿಕೊಂಡಿತು, ಏಕೆಂದರೆ ಅವರ ಬಳಿ ಸೈನ್ಯವಿತ್ತು, ಮತ್ತು ಮೆಣಸು ಇನ್ನೂ ಹತ್ತು ಕಡೆ ಸಿಗುತ್ತಿತ್ತು. ಬಂಡಾದವರ ದುರದೃಷ್ಟವೆಂದರೆ ಅವರ ಸರಕು ಬೇರೆಲ್ಲೂ ಸಿಗುತ್ತಿರಲಿಲ್ಲ, ಮತ್ತು ಅವರ ಬೆನ್ನಿಗೆ ಒಬ್ಬ ಅರಸನೂ ಇರಲಿಲ್ಲ. ಬಸರೂರಿಗೆ ಆ ಗತಿ ಬಾರದೆ ಹೋದದ್ದು ಕಂಪನಿಯ ದಯೆಯಿಂದಲ್ಲ.

ಬಂಡಾದ ಮೂಲ ಜನ ಪೂರ್ತಿ ಅಳಿದಿಲ್ಲ ಎನ್ನುವುದನ್ನು ನಿಮ್ಮ ಫಲಕ ಹೇಳುವುದಿಲ್ಲ. ದೋಣಿ ಹತ್ತಿ ತಪ್ಪಿಸಿಕೊಂಡವರು ಪೂರ್ವದ ಕೈ ದ್ವೀಪಗಳಿಗೆ ಹೋಗಿ ನೆಲೆ ನಿಂತರು. ಅಲ್ಲಿ ಬಂಡಾ ಎಲಿ, ಬಂಡಾ ಎಲಾತ್ ಎಂಬ ಊರುಗಳಿವೆ. ಬಂಡಾದ ಮೂಲ ಭಾಷೆಯನ್ನು ಬಂಡಾ ದ್ವೀಪಗಳಲ್ಲಿ ಈಗ ಯಾರೂ ಆಡುವುದಿಲ್ಲ. ನಾನೂರು ವರ್ಷದ ಮೇಲೂ ಅದನ್ನು ಆಡುವವರು ಆ ಎರಡು ಊರಿನವರು. ಭಾಷೆಯನ್ನು ಎದೆಗೊತ್ತಿಕೊಂಡು ಓಡಿದವರ ವಂಶದವರು ಇವತ್ತು ಬದುಕಿದ್ದಾರೆ, ಅವರನ್ನು ಕರೆದು ಮಾತಾಡಿಸಬಹುದು.

ನನ್ನ ಕೋರಿಕೆ ಹೀಗಿದೆ. ಕೂನ್‌ನ ಪೀಠದ ಪಕ್ಕದಲ್ಲಿ, ಶಾಲೆಯ ಮಗು ನಿಂತು ಓದುವ ಎತ್ತರಕ್ಕೆ, ಅದೇ ಗಾತ್ರದ ಕಲ್ಲೊಂದನ್ನು ನಿಲ್ಲಿಸಿ. ಅದರ ಮೇಲೆ ಆರ್ಟ್ ಗೈಸೆಲ್ಸ್‌ನ ಆ ಮಾತನ್ನು ಅವನ ಹೆಸರಿನೊಂದಿಗೆ ಕೆತ್ತಿಸಿ. ಡಚ್ಚಿನಲ್ಲಿ ಕೆತ್ತಿಸಿ, ಇಂಡೊನೇಷ್ಯಾದ ಭಾಷೆಯಲ್ಲಿ ಕೆತ್ತಿಸಿ, ಬಂಡಾ ಎಲಿಯ ಜನರು ಒಪ್ಪಿದರೆ ಅವರು ತಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತಾರೋ ಹಾಗೆ ಕೆತ್ತಿಸಿ. ಹಿಂಭಾಗದಲ್ಲಿ ದ್ವೀಪಗಳ ಹೆಸರು ಇರಲಿ: ಲೊಂತೊರ್, ನೈರಾ, ಐ, ರುನ್. 1621ರ ಮೇ 8 ಎಂಬ ದಿನಾಂಕ ಇರಲಿ. ಕಲ್ಲನ್ನು ಬೊಸ್ಸು ಮನೆಗಳ ಕಡೆಗೆ ಮುಖ ಮಾಡಿ ನಿಲ್ಲಿಸಿ. ಗ್ರೋಟೆ ಓಸ್ಟ್ ಬೀದಿಯ ಆ ತುದಿಯಲ್ಲಿ ನಿಮ್ಮ ಸ್ವಾತಂತ್ರ್ಯದ ಕಥೆ ಕಲ್ಲಿನಲ್ಲಿದೆ, ಈ ತುದಿಯಲ್ಲಿ ಬಂಡಾದವರದೂ ಕಲ್ಲಿನಲ್ಲಿರಲಿ.

ಇದಕ್ಕೆ ದೊಡ್ಡ ಖರ್ಚಿಲ್ಲ, ಕಾನೂನಿನ ತೊಡಕೂ ಇರಲಾರದು. ಪ್ರತಿಮೆ ಉಳಿಯಬೇಕು ಎನ್ನುವವರಿಗೂ ಇದರಲ್ಲಿ ಸೋಲಿಲ್ಲ. ನಿಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ಕೈ ದ್ವೀಪದವರಿಗೆ ಒಂದು ಪತ್ರ ಹಾಕಿ, ಅವರ ಉತ್ತರ ಬಂದ ಮೇಲೆ ಊರಿನ ಶಿಲ್ಪಿಗಳಿಗೆ ಕೆಲಸ ಒಪ್ಪಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕರ್ನಾಟಕದಿಂದ ಒಬ್ಬ ಓದುಗ